ವಸತಿ ಶಾಲೆಯ ಬೀಳ್ಕೊಡುಗೆ ಭಾವಚಿತ್ರ: ಪ್ಯಾಕೇಜ್‌ನಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದು ಬೇಡ

ಕೊನೆಯ ವರ್ಷದ ವಿದ್ಯಾರ್ಥಿಗಳಿಗಾಗಿ ಸ್ಟುಡಿಯೋಗಳು ಮಾರುವ ಬೀಳ್ಕೊಡುಗೆ ಪ್ಯಾಕೇಜ್ ಬಿಚ್ಚಿ ನೋಡಿದರೆ ಒಳಗಿರುವುದು ಇಷ್ಟೇ: ಪರದೆಯ ಮುಂದೆ ಕೂರಿಸಿ ತೆಗೆದ ಒಂಟಿ ಭಾವಚಿತ್ರ, ಶಾಲೆಯ ಆವರಣದಲ್ಲಿ ತೆಗೆದ ಒಂದೆರಡು ಚಿತ್ರ, ಇಡೀ ತರಗತಿಯ ಗ್ರೂಪ್ ಫೋಟೊ, ಜೊತೆಗೆ ಪ್ರಿಂಟು ಮತ್ತು ಫೈಲು. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಆವರಣದ ಚಿತ್ರವಿಲ್ಲದ ಪ್ಯಾಕೇಜ್ ವಸತಿ ಶಾಲೆಗೆ ತಕ್ಕದ್ದಲ್ಲ. ಪರದೆಯ ಚಿತ್ರ ಬೇಕು, ಆದರೆ ಬೆಳಕಿನ ಕೆಲಸ ಗೊತ್ತಿದ್ದವರಿಂದ ಮಾತ್ರ. ಎಡವಟ್ಟು ಹೆಚ್ಚಾಗುವುದು ಗ್ರೂಪ್ ಫೋಟೊದಲ್ಲಿ, ಹಣ ಪೋಲಾಗುವುದು ಚಿತ್ರಕ್ಕೆ ಗಾಜಿನ ಕಟ್ಟು (ಫ್ರೇಮ್) ಹಾಕಿಸುವುದರಲ್ಲಿ.

ದಿನಾಲೂ ಮನೆಗೆ ಹೋಗಿಬರುವ ಮಕ್ಕಳ ಶಾಲೆಯಲ್ಲಿ ನಡೆದ ವ್ಯವಸ್ಥೆ ಇಲ್ಲಿ ನಡೆಯುವುದಿಲ್ಲ. ಹಾಸ್ಟೆಲ್ ಹುಡುಗನ ಹತ್ತಿರ ಒಳ್ಳೆಯ ಅಂಗಿ ಇರುವುದು ಒಂದೋ ಎರಡೋ, ಅದೂ ಆ ದಿನ ಒಗೆಯಲು ಹೋಗಿರಬಹುದು. ಹಾಗಾಗಿ ಸ್ಟುಡಿಯೋದವರು ದಿನಾಂಕ ಗೊತ್ತು ಮಾಡುವ ಮೊದಲು ನಿಲಯಪಾಲಕರನ್ನು ಮೂರು ವಿಷಯ ಕೇಳಬೇಕು: ಬಟ್ಟೆ ಒಗೆದು ಬರುವ ವಾರ ಯಾವುದು, ಕ್ಷೌರ ಯಾವಾಗ, ಪರೀಕ್ಷೆ ಯಾವಾಗ. ಕ್ಷೌರವಾದ ಮರುದಿನ ಫೋಟೊ ಬೇಡ. ಕಿವಿಯ ಸುತ್ತ ಬೋಳಾದ ಗೆರೆ ಎದ್ದು ಕಾಣುತ್ತದೆ, ಐದಾರು ದಿನ ಬಿಟ್ಟರೆ ಸರಿಹೋಗುತ್ತದೆ. ಮಕ್ಕಳು ಶಾಲೆ ಬಿಡುವುದಕ್ಕೆ ಕನಿಷ್ಠ ಆರು ವಾರ ಮೊದಲು ಚಿತ್ರೀಕರಣ ಮುಗಿಯಬೇಕು. ಆಯ್ಕೆ ಮತ್ತು ತಿದ್ದುವಿಕೆಗೆ ಎರಡು ವಾರ, ಹೆಸರು ಪರಿಶೀಲನೆಗೆ ಒಂದು ವಾರ, ಪ್ರಿಂಟಿಗೆ ಎರಡು ವಾರ, ಕೆಟ್ಟು ಬಂದದ್ದನ್ನು ಮತ್ತೆ ಹಾಕಿಸಲು ಒಂದು ವಾರ. ಎಲ್ಲರೂ ಊರು ಸೇರಿದ ಮೇಲೆ ಒಬ್ಬೊಬ್ಬರ ವಿಳಾಸ ಹುಡುಕಿ ಕಳಿಸುವುದು ಆಗದ ಮಾತು. ಜ್ವರ ಬಂದು ಮಲಗಿದವರಿಗಾಗಿ ಇನ್ನೊಂದು ದಿನ ಬರುತ್ತೇವೆ ಎಂಬುದು ಒಪ್ಪಂದದಲ್ಲಿ ಬರಹದಲ್ಲೇ ಇರಬೇಕು. ಇರದಿದ್ದರೆ ಆ ಒಬ್ಬನ ಮುಖವನ್ನು ಗ್ರೂಪ್ ಫೋಟೊದ ಮೂಲೆಯಲ್ಲಿ ಸಣ್ಣ ವೃತ್ತದಲ್ಲಿ ಅಂಟಿಸಿಕೊಡುತ್ತಾರೆ. ಅದನ್ನು ನೋಡುವಾಗಲೆಲ್ಲ ಅವನಿಗೆ ಏನನ್ನಿಸೀತು ಯೋಚಿಸಿ.

ಇನ್ನು ಪರದೆಯ ಚಿತ್ರ. ಸ್ಟುಡಿಯೋದವರು ಹಿಂದಿನ ಕೆಲಸದ ಮಾದರಿ ಎಂದು ಆರಿಸಿದ ಹತ್ತು ಚಿತ್ರ ತೋರಿಸುತ್ತಾರೆ. ಅವನ್ನು ನೋಡಿ ಮರುಳಾಗಬೇಡಿ. ಒಂದೇ ಶಾಲೆಯ, ಒಂದೇ ದಿನದ, ಸಾಲಾಗಿ ತೆಗೆದ ಮೂವತ್ತು ಚಿತ್ರ ಕೇಳಿ. ಮುಖದ ಹೊಳಪು ಒಬ್ಬರಿಂದ ಒಬ್ಬರಿಗೆ ಏರಿಳಿಯುತ್ತಿದ್ದರೆ ಸ್ಟೂಲಿನ ಜಾಗವನ್ನು ನೆಲದ ಮೇಲೆ ಟೇಪ್ ಹಾಕಿ ಗುರುತಿಸಿಲ್ಲ ಎಂದರ್ಥ. ದೀಪ ಮೂರು ಅಡಿ ದೂರದಲ್ಲಿದ್ದಾಗ ವಿದ್ಯಾರ್ಥಿ ಅದರ ಕಡೆ ಅರ್ಧ ಅಡಿ ಬಾಗಿದರೂ ಮುಖದ ಮೇಲಿನ ಬೆಳಕು ಸುಮಾರು 44 ಶೇಕಡಾ ಹೆಚ್ಚುತ್ತದೆ. ಅದೇ ದೀಪ ಐದು ಅಡಿ ದೂರವಿದ್ದರೆ ಹೆಚ್ಚುವುದು 23 ಶೇಕಡಾ. ಒಬ್ಬರಾದ ಮೇಲೊಬ್ಬರು ಬಂದು ಕೂರುವ ಕಡೆ ದೊಡ್ಡ ಸಾಫ್ಟ್‌ಬಾಕ್ಸನ್ನು (ಬೆಳಕು ಮೃದುವಾಗಲೆಂದು ಬಿಳಿ ಬಟ್ಟೆ ಹೊದಿಸಿದ ದೀಪದ ಪೆಟ್ಟಿಗೆ) ನಾಲ್ಕೈದು ಅಡಿ ದೂರ ಇಡುವುದೇ ಕ್ಷೇಮ. ಅದು ಮುಖದಿಂದ 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇರಬೇಕು, ಇನ್ನೊಂದು ಬದಿಗೆ ಬಿಳಿ ಹಲಗೆ. ಪರದೆಯಿಂದ ವಿದ್ಯಾರ್ಥಿ ಐದಾರು ಅಡಿ ಮುಂದೆ ಕೂರಬೇಕು, ಇಲ್ಲದಿದ್ದರೆ ಹಿಂದೆ ತಲೆಯ ನೆರಳು ಬಿದ್ದು ಗುರುತಿನ ಚೀಟಿಯ ಫೋಟೊದಂತಾಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 85 ಎಂಎಂ ಲೆನ್ಸ್, ಆರೇಳು ಅಡಿ ದೂರ, ಲೆನ್ಸಿನ ಕಿಂಡಿ ಎಫ್ 5.6, ಬೆಳಕಿನ ಸಂವೇದನೆ ಐಎಸ್‌ಒ 100, ಶಟರ್ 1/160 ಸೆಕೆಂಡು. ಇದರಲ್ಲಿ ಗುಟ್ಟೇನೂ ಇಲ್ಲ. ಜಾಗ ಸಾಲದೆಂದು 35 ಎಂಎಂ ಹಾಕಿ ಹತ್ತಿರ ಬಂದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ.

ದೀಪದ ಎತ್ತರವನ್ನು ಪ್ರತಿಯೊಬ್ಬರಿಗೂ ಬದಲಿಸುತ್ತಾರೋ ಇಲ್ಲವೋ ಎಂಬುದನ್ನು ಕಣ್ಣು ನೋಡಿಯೇ ಹೇಳಬಹುದು. ಪಾಪೆಯ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಜಾಗದಲ್ಲಿ ಬೆಳಕಿನ ಚುಕ್ಕೆ ಇದ್ದರೆ ಸರಿ. ಗಿಡ್ಡಗಿರುವವರ ಕಣ್ಣಲ್ಲಿ ಆ ಚುಕ್ಕೆಯೇ ಇಲ್ಲದೆ ಗುಳಿ ಕಪ್ಪಾಗಿದ್ದರೆ ದೀಪ ತೀರಾ ಮೇಲಿತ್ತು. ಕನ್ನಡಕದವರಿಗೆ ಕನ್ನಡಕ ತೆಗೆಸುವುದು ತಪ್ಪು. ವರ್ಷಗಟ್ಟಲೆ ಗೆಳೆಯರು ಕಂಡ ಮುಖ ಅದಲ್ಲ. ದೀಪವನ್ನು ಇನ್ನೊಂದು ಗೇಣು ಮೇಲೆತ್ತಿ, ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜಿನ ಹೊಳಪು ಮಾಯವಾಗುತ್ತದೆ. ಬಿಸಿಲಿಗೆ ಕಪ್ಪಾಗುವ ಕನ್ನಡಕವಾದರೆ ಹತ್ತು ನಿಮಿಷ ಮೊದಲೇ ಒಳಗೆ ಕರೆದು ಕೂರಿಸಬೇಕು.

ಬಿಳಿ ಸಮವಸ್ತ್ರ, ಕಪ್ಪು ಗೌನು ಎರಡೂ ಕ್ಯಾಮೆರಾದ ಲೆಕ್ಕವನ್ನು ಕೆಡಿಸುತ್ತವೆ. ಚೌಕಟ್ಟಿನ ತುಂಬ ಬಿಳಿ ಅಂಗಿ ಇದ್ದರೆ ಆಟೊ ಎಕ್ಸ್‌ಪೋಶರ್ ಬೆಳಕು ತಗ್ಗಿಸುತ್ತದೆ, ಮುಖ ಮಂಕಾಗುತ್ತದೆ. ಗೌನು ತುಂಬಿದ್ದರೆ ಉಲ್ಟಾ, ಹಣೆ ಸುಣ್ಣ ಬಳಿದಂತಾಗುತ್ತದೆ. ಗ್ರೇ ಕಾರ್ಡ್ (ಬೆಳಕು ಅಳೆಯುವ ಬೂದು ಬಣ್ಣದ ರಟ್ಟು) ಹಿಡಿದು ಅಳೆದು ಮ್ಯಾನ್ಯುಯಲ್‌ನಲ್ಲಿ ನಿಲ್ಲಿಸಿದವರಿಗೆ ಈ ತಾಪತ್ರಯವಿಲ್ಲ. ಕಪ್ಪು ಗೌನಿಗೆ ಕಡು ಬಣ್ಣದ ಪರದೆ ಹಾಕಿದರೆ ಹೆಗಲು ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ, ಹಿಂದಿನಿಂದ ಕೂದಲು ಮತ್ತು ಹೆಗಲಿಗೆ ಒಂದು ಸಣ್ಣ ದೀಪ ಬೇಕೇ ಬೇಕು.

ತಿದ್ದುವಿಕೆಯ ವಿಷಯದಲ್ಲಿ ನಾವು ರಾಜಿಯಾಗುವುದಿಲ್ಲ. ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ತೆಗೆಯಬಹುದು: ಮೊಡವೆ, ಒಡೆದ ತುಟಿ, ಅಂಗಿಯ ಮೇಲಿನ ದಾರ. ಹುಟ್ಟುಮಚ್ಚೆ, ಗಾಯದ ಕಲೆ, ಹಲ್ಲಿನ ಸಂದು ಇವು ಆ ಮನುಷ್ಯನವು, ಅವನು ಕೇಳದೆ ಮುಟ್ಟುವಂತಿಲ್ಲ. ಮೈಬಣ್ಣ ಬಿಳಿಚಿಸಿ ಕೊಡುವ ಸ್ಟುಡಿಯೋಗೆ ಕೆಲಸವನ್ನೇ ಕೊಡಬಾರದು. ಮಾದರಿ ಚಿತ್ರಗಳಲ್ಲಿ ಮುಖದ ಬಣ್ಣ ಒಂದು, ಕುತ್ತಿಗೆ ಮತ್ತು ಕೈಯ ಬಣ್ಣ ಇನ್ನೊಂದು ಇದ್ದರೆ ಅದೇ ಸಾಕ್ಷಿ.

ಪ್ಯಾಕೇಜ್‌ನ ಜೀವ ಇರುವುದು ಆವರಣದ ಚಿತ್ರದಲ್ಲಿ. ಪರದೆಯ ಮುಂದಿನ ಮುಖ ಎಲ್ಲಿ ಬೇಕಾದರೂ ಸಿಕ್ಕೀತು. ಆದರೆ ಕಿಟಕಿ ಪಕ್ಕದ ಆ ಮಂಚ, ಹೆಸರು ಬರೆದ ಟ್ರಂಕು, ಮುಚ್ಚಳದ ಒಳಬದಿಗೆ ಅಂಟಿಸಿದ ವೇಳಾಪಟ್ಟಿ, ಹಿಡಿಯ ಹತ್ತಿರ ಬಣ್ಣ ಸವೆದು ತಗಡು ಕಂಡ ಜಾಗ, ಇವು ಮುಂದಿನ ವರ್ಷ ಬೇರೆಯವರ ಪಾಲಾಗುತ್ತವೆ ಅಥವಾ ಇರುವುದೇ ಇಲ್ಲ. ಎಲ್ಲಿ ತೆಗೆಯಬೇಕು ಎಂಬುದನ್ನು ವಿದ್ಯಾರ್ಥಿಯೇ ಹೇಳಬೇಕು. ಒಬ್ಬಳು ಗ್ರಂಥಾಲಯದ ಮೂಲೆ ಎನ್ನುತ್ತಾಳೆ, ಇನ್ನೊಬ್ಬಳು ಊಟದ ಮನೆಯ ಬೆಂಚು ಎನ್ನುತ್ತಾಳೆ. ಒಂದು ವಾರ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಒಂದೇ ದಿಕ್ಕಿನವರನ್ನು ಒಟ್ಟಿಗೆ ಮುಗಿಸಬಹುದು.

ಲೆಕ್ಕ ಹಾಕಿ ನೋಡಿ. ಪರದೆಯ ಚಿತ್ರಕ್ಕೆ ಒಬ್ಬರಿಗೆ ಮೂರು ನಿಮಿಷ ಸಾಕು, 60 ಮಂದಿಗೆ ಮೂರು ಗಂಟೆ. ಆವರಣದ ಚಿತ್ರಕ್ಕೆ ಓಡಾಟವೂ ಸೇರಿ ಎಂಟು ನಿಮಿಷ, ಅಂದರೆ 60 ಮಂದಿಗೆ ಎಂಟು ಗಂಟೆ. ಒಳ್ಳೆಯ ಬೆಳಕು ಸಿಗುವುದು ಬೆಳಗ್ಗೆ ಮತ್ತು ಸಂಜೆ ಮಾತ್ರವಾದ್ದರಿಂದ ಇದು ಎರಡು ಮೂರು ದಿನದ ಕೆಲಸ. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರು ಒಂದೇ ಮರದ ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಅಂಥದ್ದಕ್ಕೆ ಹೆಚ್ಚಿನ ಹಣ ಕೊಡಬೇಡಿ.

ಮಲಗುವ ಕೋಣೆಯಲ್ಲಿ ಕೆಡುವುದು ಮುಖ್ಯವಾಗಿ ಬಣ್ಣ. ಒಂದು ಕೆನ್ನೆಗೆ ಕಿಟಕಿಯ ಬೆಳಕು, ಇನ್ನೊಂದಕ್ಕೆ ಟ್ಯೂಬ್‌ಲೈಟು ಬಿದ್ದರೆ ಅರ್ಧ ಮುಖ ಹಸಿರಾಗುತ್ತದೆ. ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಹೊಂದಾಣಿಕೆ) ಒಂದರಿಂದ ಅದನ್ನು ಸರಿಪಡಿಸಲು ಬರುವುದಿಲ್ಲ. ಹಾಗಾಗಿ ದೀಪಗಳನ್ನೆಲ್ಲ ಆರಿಸಿ. ಕಿಟಕಿಯಿಂದ ಮೂರು ಅಡಿ ಒಳಗೆ, ಮುಖ ಅರ್ಧ ಕಿಟಕಿಯ ಕಡೆ ತಿರುಗಿರಲಿ. ನೆರಳಿನ ಬದಿಗೆ ಪಕ್ಕದ ಮಂಚದ ಮೇಲಿಂದ ಬಿಳಿ ಹೊದಿಕೆ ಇಳಿಬಿಟ್ಟರೆ ಅದೇ ಪ್ರತಿಫಲಕ. ಐಎಸ್‌ಒ 800ರಿಂದ 1600, ಎಫ್ 2.8, ಶಟರ್ 1/200. ಇಲ್ಲಿ 35 ಎಂಎಂ ಲೆನ್ಸ್ ಚೆನ್ನ, ಏಕೆಂದರೆ ಜಾಗವೂ ಕಾಣಬೇಕು. ಆದರೆ ಮುಖ ಚೌಕಟ್ಟಿನ ಅಂಚಿಗೆ ಹೋಗಬಾರದು, ದೂರ ಐದು ಅಡಿಗಿಂತ ಕಡಿಮೆಯಾಗಬಾರದು. ಕೋಣೆಯನ್ನು ಅತಿಯಾಗಿ ಒಪ್ಪ ಮಾಡಿಸಬೇಡಿ. ಒದ್ದೆ ಟವೆಲು ತೆಗೆದರೆ ಸಾಕು, ಮಂಚದಡಿಯ ಚಪ್ಪಲಿ ಹಾಗೇ ಇರಲಿ. ಕೋಣೆಯ ಜೊತೆಗಾರರು, ಅಡುಗೆಯವರು, ನಿಲಯಪಾಲಕರ ಜೊತೆ ಒಂದೊಂದು ಚಿತ್ರಕ್ಕೆ ಅವಕಾಶ ಕೊಡುವ ಸ್ಟುಡಿಯೋಗೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಮಕ್ಕಳು ಬಾಯಿಬಿಟ್ಟು ಕೇಳುವುದು ಇದನ್ನೇ.

ಗ್ರೂಪ್ ಫೋಟೊಗೆ 60 ಮಂದಿಯನ್ನು ತಲಾ ಹದಿನೈದರ ನಾಲ್ಕು ಸಾಲು ಮಾಡಿ. ಹೆಗಲು ಸ್ವಲ್ಪ ಓರೆಯಾಗಿ ನಿಂತರೆ ಒಬ್ಬರಿಗೆ ಒಂದೂವರೆ ಅಡಿ ಸಾಕು. ಅಂಚು ಸೇರಿ ಅಗಲ ಸುಮಾರು 26 ಅಡಿ. ಇದನ್ನು 50 ಎಂಎಂ ಲೆನ್ಸಿನಲ್ಲಿ ಹಿಡಿಯಲು 36 ಅಡಿ ಹಿಂದೆ ಹೋಗಬೇಕು, 35 ಎಂಎಂನಲ್ಲಾದರೆ 25 ಅಡಿ. ಅದಕ್ಕಿಂತ ಹತ್ತಿರದಿಂದ ಅಗಲದ ಲೆನ್ಸಿನಲ್ಲಿ ತೆಗೆದರೆ ತುದಿಯಲ್ಲಿ ನಿಂತವರ ತಲೆ ಮೊಟ್ಟೆಯಂತೆ ಎಳೆದುಕೊಳ್ಳುತ್ತದೆ. ಜಾಗ ನೋಡದೆ ಮೆಟ್ಟಿಲು ಆರಿಸುವುದರಿಂದ ಆಗುವ ಫಜೀತಿ ಇದು. ಎಫ್ 8, ಟ್ರೈಪಾಡ್, ಸೂರ್ಯ ಗುಂಪಿನ ಬೆನ್ನ ಹಿಂದೆ ಅಥವಾ ಕಟ್ಟಡದ ನೆರಳು. ನೇರ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ.

ಕಣ್ಣು ಮುಚ್ಚುವುದಕ್ಕೂ ಒಂದು ಲೆಕ್ಕವಿದೆ. 2006ರಲ್ಲಿ ಗಣಿತದ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ) ಪಡೆದ ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅವರ ಸೂತ್ರದಂತೆ, ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಒಳ್ಳೆಯ ಬೆಳಕಿನಲ್ಲಿ ಗುಂಪಿನ ಸಂಖ್ಯೆಯ ಮೂರನೇ ಒಂದರಷ್ಟು, ಮಂದ ಬೆಳಕಿನಲ್ಲಿ ಅರ್ಧದಷ್ಟು ಸಲ ಕ್ಲಿಕ್ಕಿಸಬೇಕು. ಹದಿನೆಂಟು ಮಂದಿಯ ಹಾಸ್ಟೆಲ್ ಗುಂಪಿಗೆ ಆರು ಅಥವಾ ಒಂಬತ್ತು. 60 ಮಂದಿಯಲ್ಲಿ ಎಲ್ಲರ ಕಣ್ಣೂ ತೆರೆದ ಒಂದೇ ಚಿತ್ರ ಸಿಗುವ ಆಸೆ ಬಿಡಬೇಕು. ಕ್ಯಾಮೆರಾ ಅಲುಗದಂತೆ ಹದಿನೈದು ಸಲ ತೆಗೆದು, ಮುಚ್ಚಿದ ಕಣ್ಣಿನ ಮುಖಕ್ಕೆ ಅದೇ ವ್ಯಕ್ತಿಯ ಇನ್ನೊಂದು ಮುಖ ಕೂರಿಸುವುದು ಸರಿಯಾದ ದಾರಿ. ಟ್ರೈಪಾಡ್ ತರದವರಿಗೆ ಇದು ಸಾಧ್ಯವಿಲ್ಲ.

ಪ್ರಿಂಟಿನ ಅಳತೆಯನ್ನೂ ಇದೇ ಲೆಕ್ಕದಿಂದ ಆರಿಸಿ. 26 ಅಡಿ ಅಗಲದ ಗುಂಪನ್ನು 12 ಇಂಚು ಅಗಲದ ಪ್ರಿಂಟಿಗೆ ಇಳಿಸಿದರೆ ಒಂದು ಮುಖದ ಅಗಲ ಆರು ಮಿಲಿಮೀಟರ್ ಉಳಿಯುತ್ತದೆ, 18 ಇಂಚಿನಲ್ಲಿ ಒಂಬತ್ತು. ಹಾಗಾಗಿ 12×18ಕ್ಕಿಂತ ಚಿಕ್ಕದು ಬೇಡ. ಒಂಟಿ ಚಿತ್ರಕ್ಕೆ 8×10 ಕೇಳುವುದಾದರೆ ಛಾಯಾಗ್ರಾಹಕರಿಗೆ ಮೊದಲೇ ತಿಳಿಸಿ. ಕ್ಯಾಮೆರಾ ಚೌಕಟ್ಟು 2:3 ಇರುವುದರಿಂದ ಉದ್ದದಲ್ಲಿ ಆರನೇ ಒಂದು ಭಾಗ ಕತ್ತರಿಸಿ ಹೋಗುತ್ತದೆ, ತುಂಬಿಸಿ ತೆಗೆದಿದ್ದರೆ ಕೂದಲೋ ಕೈಯೋ ಹೋಗುತ್ತದೆ.

ಫೈಲುಗಳು ಪೂರ್ಣ ಗಾತ್ರದ ಜೆಪೆಗ್, ಬಣ್ಣದ ಮಾದರಿ ಎಸ್‌ಆರ್‌ಜಿಬಿ ಆಗಿರಲಿ. ವಾಟ್ಸ್‌ಆಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಡೌನ್‌ಲೋಡ್ ಕೊಂಡಿ 30 ದಿನಕ್ಕೆ ಮುಗಿಯುತ್ತದೆ ಎಂಬ ಷರತ್ತು ಹಾಸ್ಟೆಲ್ ಮಕ್ಕಳಿಗೆ ಅನ್ಯಾಯ. ಎಷ್ಟೋ ಕಡೆ ಅವರ ಕೈಗೆ ಫೋನ್ ಸಿಗುವುದೇ ಶಾಲೆ ಬಿಟ್ಟ ಮೇಲೆ. ಒಂದು ವರ್ಷ ಕೇಳಿ. ಗ್ಯಾಲರಿಗೆ ಪಾಸ್‌ವರ್ಡ್ ಇರಬೇಕು, ಪೋಷಕರು ಮತ್ತು ವಿದ್ಯಾರ್ಥಿ ಬರೆದುಕೊಡದೆ ಯಾವ ಮುಖವನ್ನೂ ಸ್ಟುಡಿಯೋ ಜಾಹೀರಾತಿಗೆ ಬಳಸಬಾರದು.

ಕಾಗದದಲ್ಲಿ ಫ್ಯೂಜಿಫಿಲ್ಮ್‌ನ ಕ್ರಿಸ್ಟಲ್ ಆರ್ಕೈವ್‌ನಂಥ ಸಿಲ್ವರ್ ಹ್ಯಾಲೈಡ್ ಕಾಗದ (ಬೆಳಕು ಮತ್ತು ರಾಸಾಯನಿಕದಿಂದ ಚಿತ್ರ ಮೂಡುವ ಕಾಗದ), ಲಸ್ಟರ್ ಎಂಬ ಅರೆ ಹೊಳಪಿನ ಮೇಲ್ಮೈ ನಮ್ಮ ಆಯ್ಕೆ. ಗ್ಲಾಸಿಯಲ್ಲಿ ಬೆರಳಚ್ಚು ಬೇಗ ಕಾಣುತ್ತದೆ. ಚಿತ್ರವನ್ನು ನೇರವಾಗಿ ಗಾಜಿಗೆ ಒತ್ತಿ ಕಟ್ಟು ಹಾಕಿಸಿದರೆ ತೇವ ಕಾಲದಲ್ಲಿ ಅಂಟಿಕೊಂಡು, ಬಿಡಿಸಲು ಹೋದಾಗ ಮುಖವೇ ಕಿತ್ತು ಬರುತ್ತದೆ. ನಡುವೆ ಆಮ್ಲವಿಲ್ಲದ ರಟ್ಟಿನ ಮೌಂಟ್ ಇರಬೇಕು. ಪಿವಿಸಿ ಚೀಲ ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ ಕೇಳಿ.

ದುಬಾರಿ ಕಟ್ಟಿನ ಬದಲು ಅಗಲ ಅಂಚಿನ ಸಹಿ ಮೌಂಟ್ ತೆಗೆದುಕೊಳ್ಳಿ. ಚಿತ್ರದ ಸುತ್ತ ನಾಲ್ಕು ಇಂಚು ಬಿಳಿ ರಟ್ಟು, ಅದರ ಮೇಲೆ ಗೆಳೆಯರು ಬರೆಯುತ್ತಾರೆ. ಫೋಟೊ ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಇಂಗದೆ ಬಳಿದುಕೊಳ್ಳುತ್ತದೆ, ಬಾಲ್‌ಪೆನ್ ಒತ್ತಿದ ಗುರುತು ಇನ್ನೊಂದು ಬದಿಗೆ ಉಬ್ಬುತ್ತದೆ. ಒರಟು ಮೇಲ್ಮೈಯ ರಟ್ಟು ಮತ್ತು ಪಿಗ್ಮೆಂಟ್ ಶಾಯಿಯ 0.5 ಪೆನ್ನು ಸಾಕು. ಬರೆಸುವಾಗ ಚಿತ್ರವನ್ನು ಮೌಂಟ್‌ನಿಂದ ಹೊರಗಿಟ್ಟಿರಿ, ಸಹಿ ಒಣಗಿದ ಮೇಲೆ ಸೇರಿಸಿ. ಗ್ರೂಪ್ ಫೋಟೊದ ಹಿಂಬದಿಗೆ ಎಡದಿಂದ ಬಲಕ್ಕೆ, ಸಾಲು ಪ್ರಕಾರ ಹೆಸರುಗಳ ಅಚ್ಚು ಚೀಟಿ ಅಂಟಿಸಿಕೊಡಲು ಹೇಳಿ. ಆ ಪಟ್ಟಿಯನ್ನು ಫೋಟೊ ತೆಗೆದ ಗಳಿಗೆಯಲ್ಲೇ, ಸಾಲು ಚದುರುವ ಮುನ್ನ, ಒಬ್ಬರು ಕೊನೆಯಿಂದ ಕೊನೆಗೆ ನಡೆದು ಬರೆದುಕೊಳ್ಳಬೇಕು.