ಡೆಲ್ ಆರ್720 ಸರ್ವರ್‌ಗೆ ರ‍್ಯಾಮ್ ಏರಿಸುವುದು: ಮೂರು ದಾರಿ ಹಾಕಿ ನೋಡಿದೆ

ನಮ್ಮ ಆಫೀಸಿನಲ್ಲಿ ಡೆಲ್ ಪವರ್‌ಎಡ್ಜ್ ಆರ್720 ಸರ್ವರ್ ಒಂದಿದೆ. ಸ್ಕ್ಯಾನ್ ಮಾಡಿದ ಹಳೇ ಪುಸ್ತಕದ ಪುಟಗಳನ್ನು ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶ ಬಳಸಿ ಕನ್ನಡ ಪಠ್ಯ ಮಾಡುವುದು, ಆ ಪಠ್ಯವನ್ನು ಹುಡುಕಲು ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸುವುದು, ಎರಡೂ ಅದರದೇ ಕೆಲಸ. 64 ಜಿಬಿ ಮೆಮೊರಿ ಸಾಲದೆ ಸ್ವಾಪ್ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕ್ ಜಾಗ) ತುಂಬತೊಡಗಿತು. 128 ಜಿಬಿ ಬೇಕಾಯಿತು. 2012ರ ಮಾದರಿ ನಿಜ, ಆದರೆ ಎರಡು ಪ್ರೊಸೆಸರ್, 24 ಮೆಮೊರಿ ಸ್ಲಾಟ್ ಇರುವ ಯಂತ್ರ. ಅದನ್ನು ಎಸೆದು ಹೊಸದು ತರುವ ಮಾತೇ ಇರಲಿಲ್ಲ.

ಹೋಲಿಕೆಗೆ ಮುಂಚೆ ಒಂದು ವಿಷಯ ತಿಳಿದಿರಬೇಕು. ಈ ಸರ್ವರ್‌ನಲ್ಲಿ ಪ್ರತಿ ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್, ಅಂದರೆ ಮೆಮೊರಿಗೂ ಅದಕ್ಕೂ ನಡುವೆ ದತ್ತಾಂಶ ಸಾಗುವ ದಾರಿಗಳು. ಪ್ರತಿ ಚಾನೆಲ್‌ಗೆ ಮೂರು ಸ್ಲಾಟ್. ಸ್ಲಾಟಿನ ಕಿವಿಗಳಿಗೆ ಬಣ್ಣವಿದೆ: ಮೊದಲ ಸಾಲಿಗೆ ಬಿಳಿ, ಎರಡನೆಯದಕ್ಕೆ ಕಪ್ಪು, ಮೂರನೆಯದಕ್ಕೆ ಹಸಿರು. ತುಂಬಬೇಕಾದ್ದೂ ಅದೇ ಕ್ರಮದಲ್ಲಿ. 1600ರ ವೇಗದಲ್ಲಿ (ಸೆಕೆಂಡಿಗೆ 160 ಕೋಟಿ ವರ್ಗಾವಣೆ) ಒಂದು ಚಾನೆಲ್ ಸೆಕೆಂಡಿಗೆ 12.8 ಜಿಬಿ ಸಾಗಿಸಬಲ್ಲದು. ನಾಲ್ಕೂ ದುಡಿದರೆ ಒಂದು ಪ್ರೊಸೆಸರ್‌ಗೆ 51.2 ಜಿಬಿ. ರ‍್ಯಾಮ್ ಎಷ್ಟು ಜಿಬಿ ಅನ್ನುವುದರಷ್ಟೇ ಅದು ಎಷ್ಟು ಚಾನೆಲ್‌ಗೆ ಹಂಚಿದೆ ಅನ್ನುವುದೂ ಮುಖ್ಯ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಮ್ಮಲ್ಲಿ ಆಗಲೇ 8 ಜಿಬಿಯ ಎಂಟು ಸ್ಟಿಕ್ ಬಿಳಿ ಸ್ಲಾಟ್‌ಗಳಲ್ಲಿದ್ದವು. ಎಲ್ಲವೂ ರಿಜಿಸ್ಟರ್ಡ್ (ಆದೇಶ, ವಿಳಾಸಗಳು ಒಂದು ರಿಜಿಸ್ಟರ್ ಚಿಪ್ ದಾಟಿ ಹೋಗುವ ಬಗೆ), ಅಂದರೆ ಆರ್‌ಡಿಮ್. ಹಾಗಾಗಿ ಸುಲಭದ ದಾರಿ, ಅಂಥದೇ ಇನ್ನೂ ಎಂಟು ತಂದು ಕಪ್ಪು ಸ್ಲಾಟ್‌ಗೆ ಹಾಕುವುದು. ಮೊದಲು ಅದನ್ನೇ ಮಾಡಿ ನೋಡಿದೆ. ಖರ್ಚು ಮೂರರಲ್ಲೂ ಕಡಿಮೆ. ಚಾನೆಲ್‌ಗೆ ಎರಡು ಸ್ಟಿಕ್ ಆದರೂ ವೇಗ 1600ರಲ್ಲೇ ನಿಂತಿತು. ತೊಂದರೆ ಇರುವುದು ಮುಂದೆ. ಇನ್ನೂ ಏರಿಸಬೇಕೆಂದರೆ ಉಳಿಯುವುದು ಹಸಿರು ಸ್ಲಾಟ್ ಮಾತ್ರ. ಮೂರನೇ ಸಾಲು ತುಂಬಿದರೆ ಈ ಸರ್ವರ್ ಆರ್‌ಡಿಮ್ ವೇಗವನ್ನು 1066ಕ್ಕೆ ಇಳಿಸುತ್ತದೆ. 128 ಜಿಬಿ ಸಾಕು, ಇನ್ನು ಏರಿಸುವುದಿಲ್ಲ ಅನ್ನುವವರಿಗೆ ಇದೇ ಸಾಕು, ಬೇರೇನೂ ಯೋಚಿಸಬೇಡಿ.

ಎರಡನೆಯದು ಲೋಡ್ ರಿಡ್ಯೂಸ್ಡ್, ಅಂದರೆ ಎಲ್‌ಆರ್‌ಡಿಮ್. 32 ಜಿಬಿಯ ನಾಲ್ಕೇ ಸ್ಟಿಕ್. ಪರಿಚಯದ ಅಂಗಡಿಯವರು ಹಾಕಿ ನೋಡಲು ಕೊಟ್ಟರು. ಕೇಳಲು ಆಕರ್ಷಕವಾಗಿದೆ, ಅಲ್ವಾ? ನಾಲ್ಕು ಸ್ಟಿಕ್, 20 ಸ್ಲಾಟ್ ಖಾಲಿ. ಆದರೆ ಒಂದೊಂದು ಪ್ರೊಸೆಸರ್‌ಗೆ ಎರಡೆರಡೇ ಸ್ಟಿಕ್ ಬಂದವು, ಅರ್ಧ ಚಾನೆಲ್ ಸುಮ್ನೆ ಕೂತವು. ಸ್ಟ್ರೀಮ್ ಎಂಬ ಮೆಮೊರಿ ಪರೀಕ್ಷೆ ಓಡಿಸಿದೆ, ಸಾಗುವ ದತ್ತಾಂಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಡೇಟಾಬೇಸ್‌ಗೆ ಹೊಸದಾಗಿ ಇಂಡೆಕ್ಸ್ ಕಟ್ಟುವಾಗಲೂ ನಿಧಾನ ಕಣ್ಣಿಗೆ ಕಾಣುವಂತಿತ್ತು. ಇನ್ನೊಂದು: ಎಲ್‌ಆರ್‌ಡಿಮ್ ಜೊತೆ ಆರ್‌ಡಿಮ್ ಬೆರೆಸುವಂತಿಲ್ಲ. ಇರುವ ಎಂಟನ್ನೂ ಕಿತ್ತಿಡಬೇಕು. ಇದರಲ್ಲಿ ದತ್ತಾಂಶವೂ ಬಫರ್ ಚಿಪ್ ದಾಟಿಯೇ ಹೋಗಬೇಕು, ಹಾಗಾಗಿ ಬಿಸಿಯೂ ಜಾಸ್ತಿ. ಎಲ್ಲ 24 ಸ್ಲಾಟ್‌ಗೂ 32 ಜಿಬಿ ತುಂಬಿ 768 ಜಿಬಿ ಮಾಡುವವರಿಗೆ ಇದು ಸರಿಯಾದ ವಸ್ತು. 128ಕ್ಕೆ ಇದನ್ನು ಕೊಳ್ಳಬೇಡಿ.

ಮೂರನೆಯದು ನನಗೆ ಹಿಡಿಸಿದ್ದು: 16 ಜಿಬಿಯ ಎಂಟು ಆರ್‌ಡಿಮ್. ಇವು ಬಿಳಿ ಸ್ಲಾಟ್‌ಗೆ. ತೆಗೆದ 8 ಜಿಬಿ ಸ್ಟಿಕ್‌ಗಳನ್ನು ಕಪ್ಪು ಸ್ಲಾಟ್‌ಗೆ ಹಾಕಿದೆ. ದೊಡ್ಡವು ಮೊದಲ ಸಾಲಿನಲ್ಲಿ, ಚಿಕ್ಕವು ಎರಡನೆಯದರಲ್ಲಿ ಇದ್ದರೆ ಈ ಸರ್ವರ್ ಒಪ್ಪುತ್ತದೆ. 128 ಕೇಳಿದ ಕಡೆ 192 ಜಿಬಿ ಸಿಕ್ಕಿತು, ವೇಗವೂ 1600ರಿಂದ ಇಳಿಯಲಿಲ್ಲ. ಮುಂದೆ ಬೇಕಾದರೆ ಚಿಕ್ಕವನ್ನೂ 16ಕ್ಕೆ ಬದಲಿಸಿ, ವೇಗ ಕಳೆದುಕೊಳ್ಳದೆ 256ಕ್ಕೆ ಹೋಗಬಹುದು. ಮೊದಲ ದಾರಿಗಿಂತ ಖರ್ಚು ಜಾಸ್ತಿ ನಿಜ, ಆದರೆ ಹಳೇ ಸ್ಟಿಕ್ ಒಂದೂ ವ್ಯರ್ಥವಾಗಲಿಲ್ಲ.

ಎಲ್ಲಿ ಕೊಳ್ಳುವುದು? ಡಿಡಿಆರ್3 ಸರ್ವರ್ ರ‍್ಯಾಮ್ ಈಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವುದು ಬಹುತೇಕ ಹಳೇ ಸರ್ವರ್‌ಗಳಿಂದ ತೆಗೆದದ್ದೇ. ಅದಕ್ಕೆ ಹೆದರಬೇಕಾಗಿಲ್ಲ, ಲೇಬಲ್ ಓದಲು ಬಂದರೆ ಆಯಿತು. ನಮಗೆ ಬೇಕಿದ್ದದ್ದು ‘2ಆರ್‌ಎಕ್ಸ್4 ಪಿಸಿ3ಎಲ್-12800ಆರ್’. ಮೊದಲಿನದು ಚಿಪ್‌ಗಳ ಎರಡು ಗುಂಪು, ಅಂದರೆ ಎರಡು ರ‍್ಯಾಂಕ್. ‘3ಎಲ್’ ಅಂದರೆ 1.35 ವೋಲ್ಟ್‌ನಲ್ಲೂ ಓಡುತ್ತದೆ. 12800 ಅಂದರೆ 1600ರ ವೇಗ. ಕೊನೆಯ ‘ಆರ್’ ರಿಜಿಸ್ಟರ್ಡ್. ಆ ಜಾಗದಲ್ಲಿ ‘ಎಲ್’ ಇದ್ದರೆ ಎಲ್‌ಆರ್‌ಡಿಮ್, ‘ಇ’ ಇದ್ದರೆ ಬಫರ್ ಇಲ್ಲದ ಇಸಿಸಿ (ದೋಷ ತಿದ್ದುವ ಮೆಮೊರಿ). ಡೆಸ್ಕ್‌ಟಾಪ್ ಡಿಡಿಆರ್3 ಸ್ಟಿಕ್‌ಗೂ ಅದೇ 240 ಪಿನ್, ಸ್ಲಾಟ್‌ನಲ್ಲಿ ಕೂರುತ್ತದೆ ಕೂಡ. ಕೂತಿತು ಅಂತ ಕೊಳ್ಳಬೇಡಿ, ಆರ್‌ಡಿಮ್ ಜೊತೆ ಅದು ನಡೆಯುವುದಿಲ್ಲ.

ತಂದ 16 ಜಿಬಿ ಸ್ಟಿಕ್‌ಗಳಲ್ಲಿ ಒಂದು ತಕರಾರು ಮಾಡಿತು. ಬೂಟ್ ಆಯಿತು, ಕೆಲಸವೂ ನಡೆಯಿತು, ಆದರೆ ಐಡ್ರ್ಯಾಕ್ (ಡೆಲ್ ಸರ್ವರ್‌ನ ನಿಗಾ ವ್ಯವಸ್ಥೆ) ಲಾಗ್‌ನಲ್ಲಿ ಸರಿಪಡಿಸಿದ ದೋಷಗಳ ಸಂಖ್ಯೆ ಮಿತಿ ಮೀರಿದೆ ಎಂಬ ಎಚ್ಚರಿಕೆ ಬಂತು. ಸರ್ವರ್ ರ‍್ಯಾಮ್‌ನ ಬೆಲೆ ತಿಳಿಯುವುದು ಇಲ್ಲೇ. ಪ್ರತಿ 64 ಬಿಟ್ ಜೊತೆ 8 ಬಿಟ್ ಕಾವಲಿಗೆ ಇರುತ್ತದೆ, ಒಂದು ಬಿಟ್ ತಪ್ಪಿದರೆ ಅಲ್ಲೇ ತಿದ್ದುತ್ತದೆ, ತಿದ್ದಿದ್ದನ್ನು ಬರೆದೂ ಇಡುತ್ತದೆ. ಡೆಸ್ಕ್‌ಟಾಪ್ ಆಗಿದ್ದರೆ ಡೇಟಾಬೇಸ್‌ನಲ್ಲಿ ಯಾವುದೋ ಅಕ್ಷರ ಸದ್ದಿಲ್ಲದೆ ಕೆಡುತ್ತಿತ್ತು. ಸ್ಟಿಕ್ ಅನ್ನು ಬೇರೆ ಸ್ಲಾಟ್‌ಗೆ ಹಾಕಿದಾಗ ದೋಷವೂ ಅದರ ಹಿಂದೆಯೇ ಹೋಯಿತು, ಅಂದರೆ ಸ್ಲಾಟ್ ಸರಿಯಿದೆ, ಸ್ಟಿಕ್ಕೇ ಕೆಟ್ಟಿದೆ. ಲಾಗ್ ತೋರಿಸಿದೆ, ಅಂಗಡಿಯವರು ಬದಲಿಸಿ ಕೊಟ್ಟರು. ಹಾಗಾಗಿ ಕೊಳ್ಳುವಾಗಲೇ ಪರೀಕ್ಷಿಸಿ ಹಿಂದಿರುಗಿಸುವ ಗಡುವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಅನ್ನು ಒಂದು ರಾತ್ರಿಯಾದರೂ ಓಡಲು ಬಿಡಿ.

ಹಾಕುವಾಗ ಎರಡೂ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಕೈ ಹಾಕಿ. ಖಾಲಿ ಸ್ಲಾಟ್‌ನ ಪ್ಲಾಸ್ಟಿಕ್ ತುಂಡುಗಳನ್ನೂ ಗಾಳಿ ಮುಚ್ಚಳವನ್ನೂ ವಾಪಸ್ ಕೂರಿಸಿ, ಗಾಳಿ ಸರಿಯಾಗಿ ಹರಿಯುವುದು ಅವುಗಳಿಂದಲೇ. ಒಂದೇ ಪ್ರೊಸೆಸರ್ ಇರುವ ಆರ್720 ಆದರೆ ಎರಡನೇ ಪ್ರೊಸೆಸರ್‌ಗೆ ಸೇರಿದ ‘ಬಿ’ ಸ್ಲಾಟ್‌ಗಳು ಕೆಲಸ ಮಾಡುವುದಿಲ್ಲ. ಅಂಥವರು ಎಂಟರ ಬದಲು ನಾಲ್ಕು ಸ್ಟಿಕ್ ಲೆಕ್ಕ ಹಾಕಿ, ‘ಎ’ ಬದಿಯ ಬಿಳಿ ಸ್ಲಾಟ್‌ಗಳಿಂದ ಶುರುಮಾಡಿ.