ಸ್ಟಾರ್ ಆಟಗಾರ ಬೇಕು: ಟ್ರೇಡಾ, ದುಡ್ಡಾ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಸ್ಟಾರ್ ಆಟಗಾರನನ್ನು ತರಲು ಬೆಳೆಸಿದ ಹುಡುಗರನ್ನು ಇನ್ನೊಂದು ತಂಡಕ್ಕೆ ಕೊಟ್ಟು ಟ್ರೇಡ್ (ಅದಲು ಬದಲು) ಮಾಡುವುದಾ, ಒಪ್ಪಂದ ಮುಗಿದು ಯಾವ ತಂಡಕ್ಕಾದರೂ ಹೋಗಬಲ್ಲ ಫ್ರೀ ಏಜೆಂಟ್‌ಗೆ ದುಡ್ಡು ಸುರಿಯುವುದಾ ಎಂದು ಕೇಳಿದ್ದೀರಿ.

ಮೊದಲು ಬೆಲೆ. ಹ್ವಾನ್ ಸೋಟೊ ಒಬ್ಬರಲ್ಲೇ ಎರಡೂ ದಾರಿ ಕಾಣುತ್ತವೆ. 2022ರ ಆಗಸ್ಟ್‌ನಲ್ಲಿ ಸೋಟೊರನ್ನು ಪಡೆಯಲು ಪಾಡ್ರೆಸ್ ತಂಡ ವಾಷಿಂಗ್ಟನ್ ತಂಡಕ್ಕೆ ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಸೇರಿ ಹಲವರನ್ನು ಕೊಟ್ಟಿತು. ಈ ಮೂವರೂ ಮುಂದೆ ಆಲ್ ಸ್ಟಾರ್ (ವರ್ಷದ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆ) ಆದರು! ಪಾಡ್ರೆಸ್ ಅಭಿಮಾನಿಗೆ ಹೊಟ್ಟೆ ಉರಿಯದೆ ಇರುತ್ತಾ? 2024ರ ಡಿಸೆಂಬರ್‌ನಲ್ಲಿ ಫ್ರೀ ಏಜೆಂಟ್ ಆಗಿದ್ದ ಸೋಟೊಗೆ ಮೆಟ್ಸ್ ತಂಡ ಕೊಟ್ಟಿದ್ದು 15 ವರ್ಷಕ್ಕೆ 76.5 ಕೋಟಿ ಡಾಲರ್. ಕೆಲವು ಡ್ರಾಫ್ಟ್ ಆಯ್ಕೆ (ಹೊಸ ಹುಡುಗರನ್ನು ಆರಿಸುವ ಸರದಿ) ಹೋದವು, ಆದರೆ ಬೆಳೆಸಿದ ಹುಡುಗರೆಲ್ಲ ಉಳಿದರು.

ಎಷ್ಟು ದಿನ ಬಾಳುತ್ತೆ? ಪಾಡ್ರೆಸ್ 2023ರ ಡಿಸೆಂಬರ್‌ನಲ್ಲೇ ಸೋಟೊರನ್ನು ಯಾಂಕೀಸ್ ತಂಡಕ್ಕೆ ಟ್ರೇಡ್‌ನಲ್ಲಿ ಕೊಟ್ಟುಬಿಟ್ಟಿತು. ಮೆಟ್ಸ್‌ಗೆ ಅವರು ದೀರ್ಘಕಾಲ ಸಿಗುತ್ತಾರೆ. ಆದರೆ ವಯಸ್ಸಾದ ಮೇಲೂ ಸಂಬಳ ಕೊಡಲೇಬೇಕು, ಅಲ್ವಾ.

ಇನ್ನು ಕೆಲವೇ ತಿಂಗಳಿಗೆ ಆಟಗಾರನನ್ನು ತರುವ ಟ್ರೇಡ್ ಇದೆ. 2016ರಲ್ಲಿ ಕಬ್ಸ್ ತಂಡ ಗ್ಲೇಬರ್ ಟೊರೆಸ್ ಸೇರಿ ನಾಲ್ವರನ್ನು ಕೊಟ್ಟು ಚೆಂಡೆಸೆಯುವ ಆಟಗಾರ ಚಾಪ್‌ಮನ್‌ರನ್ನು ತಂದಿತು. ಸೀಸನ್ ಮುಗಿದದ್ದೇ ಅವರು ಹೊರಟರು. ಆದರೆ ಕಬ್ಸ್‌ಗೆ 1908ರ ನಂತರದ ಮೊದಲ ವರ್ಲ್ಡ್ ಸೀರೀಸ್ ಪಟ್ಟ ಬಂತು. ನನ್ನ ಪ್ರಕಾರ ಅದು ದುಬಾರಿಯಲ್ಲ.

ತಂಡ ಗಟ್ಟಿಯಿದ್ದು ಒಂದೇ ಜಾಗ ಖಾಲಿಯಿದ್ದರೆ ಟ್ರೇಡ್ ಮಾಡಿ. ಮಾಲೀಕರ ಜೇಬು ದೊಡ್ಡದಿದ್ದರೆ ಫ್ರೀ ಏಜೆಂಟ್. ತಂಡ ಇನ್ನೂ ಕಟ್ಟುವ ಹಂತದಲ್ಲಿದ್ದರೆ ಹುಡುಗರನ್ನು ಮಾತ್ರ ಮುಟ್ಟಬೇಡಿ.