ತೇವ ಹೀರುವ ಡಬ್ಬಿ: ಮಳೆಗಾಲಕ್ಕೆ ಮಡಚಿಟ್ಟ ಟೆಂಟನ್ನು ಬೂಷ್ಟಿನಿಂದ ಕಾಯುತ್ತದೆಯೇ?

ಕಪಾಟಿನ ಮೂಲೆಯಲ್ಲಿಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಮೇಲಿನ ಅರೆಯಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನ ಬಿಳಿ ಹರಳು, ಕೆಳಗೆ ನೀರು ಇಳಿಯುವ ತೊಟ್ಟಿ. ಮಲೆನಾಡು, ಕೊಡಗಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತಿಡುವ ಕ್ಯಾನ್ವಾಸ್ ಟೆಂಟಿಗೂ, ಜೀಪಿನ ಮೇಲೆ ಕೂರಿಸುವ ಮಡಚು ಟೆಂಟಿಗೂ ಇದನ್ನೇ ಇಟ್ಟು ನಿಶ್ಚಿಂತರಾಗುವವರಿದ್ದಾರೆ. ಒಣಗಿದ ಟೆಂಟು ಒಣಗಿದಂತೆಯೇ ಉಳಿಯಲು ಡಬ್ಬಿ ನೆರವಾಗುತ್ತದೆ. ಹಸಿ ಟೆಂಟನ್ನು ಒಣಗಿಸುವುದು ಅದರ ಕೈಲಾಗದು.

ಕಾರಣ ಲೆಕ್ಕದಲ್ಲೇ ಇದೆ. 25 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಸುಮಾರು 23 ಗ್ರಾಂ ನೀರು. ಟೆಂಟು ತುಂಬಿಡುವ 200 ಲೀಟರಿನ ಡ್ರಮ್ಮಿನೊಳಗಿನ ಗಾಳಿಯಲ್ಲಿ ಒಂದು ಚಮಚದಷ್ಟೂ ಇರುವುದಿಲ್ಲ. ನೀರು ಅಡಗಿರುವುದು ಬಟ್ಟೆಯಲ್ಲಿ. 20 ಕಿಲೋ ಹತ್ತಿ ಕ್ಯಾನ್ವಾಸು ಶೇ. 90 ತೇವದ ಗಾಳಿಯಲ್ಲಿ ಹಿಡಿದಿಡುವ ನೀರು, ಶೇ. 60ರಲ್ಲಿ ಹಿಡಿಯುವುದಕ್ಕಿಂತ ಒಂದು ಲೀಟರ್ ಹೆಚ್ಚು. ಕೈಗೆ ಒದ್ದೆ ಅನ್ನಿಸದೆಯೂ ಅಷ್ಟು ನೀರು ಒಳಗಿರುತ್ತದೆ. ಆರುನೂರು ಮಿಲಿಯ ತೊಟ್ಟಿ ಅದರ ಮುಂದೆ ಯಾವ ಮೂಲೆಗೆ?

ಹಾಗಾಗಿ ಕೈಯನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ. ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಒಣಗಿಸಿದ ಟೆಂಟನ್ನು ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ಹಾಕಿ, ಬಂದ ತೂಕವನ್ನು ಚೀಲದ ಮೇಲೇ ಮಾರ್ಕರಿನಲ್ಲಿ ಬರೆಯಿರಿ. ಎತ್ತಿಡುವ ದಿನ 20 ಕಿಲೋಗೆ ಅರ್ಧ ಕಿಲೋ ಹೆಚ್ಚು ತೋರಿದರೂ ಮಡಚಬೇಡಿ. ಬಟ್ಟೆಯ ಮೈ ಒಣಗಿದ್ದರೂ ಹಗ್ಗ ಹೊಲಿದ ಅಂಚು, ಜಿಪ್ಪಿನ ಪಕ್ಕದ ನಾಲ್ಕು ಪದರ, ಮೂಲೆಯ ತೇಪೆ ಇವು ಕೊನೆಗೆ ಒಣಗುತ್ತವೆ. ಬೂಷ್ಟು ಮೊದಲು ಕಾಣುವುದೂ ಅಲ್ಲೇ.

ಡಬ್ಬಿಯನ್ನು ಹಂಚಿನ ಮನೆಯ ಅಟ್ಟದಲ್ಲೋ ಗಾಳಿಯಾಡುವ ಕೋಣೆಯಲ್ಲೋ ಇಟ್ಟರೆ ಬೇಗನೆ ತುಂಬುತ್ತದೆ. ತುಂಬಿತೆಂದು ಸಮಾಧಾನಪಡುವಂತಿಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಈ ಹರಳೂ ನೀರಾಗುತ್ತದೆ, ಹೊರಗಿನ ತೇವ ಮತ್ತೆ ಮತ್ತೆ ಒಳಗೆ ಬರುತ್ತಲೇ ಇರುತ್ತದೆ. ಹಪ್ಪಳ ಸಂಡಿಗೆಯನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕುವ ಬುದ್ಧಿಯೇ ಇಲ್ಲಿಯೂ ಬೇಕು. ಬಾಯಿ ಪೂರ್ತಿ ತೆರೆಯುವ, ಕ್ಲಾಂಪು ಬಿಗಿಯುವ ನೀಲಿ ಡ್ರಮ್ಮು ಒಳ್ಳೆಯದು.

ಆದರೆ ಡ್ರಮ್ಮಿನೊಳಗೆ ಈ ಡಬ್ಬಿ ಬೇಡ. ಅದು ಮಗುಚಿದರೆ ಚೆಲ್ಲುವುದು ಬರೀ ನೀರಲ್ಲ, ಗಟ್ಟಿ ಉಪ್ಪುನೀರು. ಅದು ಬಿದ್ದ ಜಾಗ ಎಷ್ಟು ಹರಡಿದರೂ ಆರುವುದಿಲ್ಲ, ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಜಿಪ್ಪಿನ ರನ್ನರ್, ಅಲ್ಯೂಮಿನಿಯಂ ಕಂಬಗಳಿಗೂ ಹಾನಿ. ಚೆಲ್ಲಿದರೆ ಆ ಭಾಗಕ್ಕೆ ಮೂರ್ನಾಲ್ಕು ಬಾರಿ ಸಿಹಿನೀರು ಹೊಯ್ದು ತೊಳೆಯುವುದೊಂದೇ ದಾರಿ. ಡ್ರಮ್ಮಿಗೆ ಬಟ್ಟೆ ಚೀಲದಲ್ಲಿ ಕಟ್ಟಿದ ಒಂದು ಕಿಲೋ ಸಿಲಿಕಾ ಜೆಲ್ (ತೇವ ಹೀರಿಯೂ ನೀರಾಗದ ಮಣಿಗಳು) ಹಾಕಿ. ಕಿತ್ತಳೆ ಬಣ್ಣದ್ದನ್ನೇ ಕೇಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಮೈಗೆ ಒಳ್ಳೆಯದಲ್ಲ. ಕಿತ್ತಳೆ ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಇಟ್ಟರೆ ಮತ್ತೆ ಬಳಸಬಹುದು. ಡಬ್ಬಿಗೆ ಈ ಮರುಜನ್ಮ ಇಲ್ಲ.

ಡಬ್ಬಿಗೆ ಸರಿಯಾದ ಜಾಗ ಜೀಪಿನ ಟೆಂಟಿನ ಹಾಸಿಗೆ, ಸ್ಲೀಪಿಂಗ್ ಬ್ಯಾಗು ಇಡುವ ಬಾಗಿಲು ಮುಚ್ಚಿದ ಕಪಾಟು. ಕೆಳಗಿನ ಹಲಗೆಯಲ್ಲಿ ಒಂದು ಅಗಲ ಟ್ರೇಯೊಳಗೆ ಕೂರಿಸಿ. ಗಾಡಿಯ ಮೇಲಿನ ಟೆಂಟಿನೊಳಗೆ ಬಿಟ್ಟು ಹೊರಟರೆ ರಸ್ತೆಯ ಮೊದಲ ಉಬ್ಬಿಗೇ ಚೆಲ್ಲುತ್ತದೆ. ಅಲ್ಲಿನ ನಿಜವಾದ ತೊಂದರೆ ಹಾಸಿಗೆಯ ಅಡಿಭಾಗ: ಮಲಗಿದವರ ಬೆವರು, ಉಸಿರಿನ ತೇವ ತಣ್ಣಗಿನ ತಳಕ್ಕೆ ತಾಗಿ ನೀರಾಗುತ್ತದೆ. ಹಾಸಿಗೆಯಡಿ ಗಾಳಿಯಾಡುವ ಜಾಲರಿ ಮ್ಯಾಟು ಹಾಕಿ. ಮಳೆಯಲ್ಲಿ ಮಡಚಿದ್ದರೆ ಮರುದಿನವೇ ಸೂರಿನಡಿ ಬಿಚ್ಚಿ.

ಜೊತೆಗೆ ಗಾಳಿಯ ತೇವ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಇರಲೇಬೇಕು. ಅದು ಸರಿ ತೋರಿಸುತ್ತದೆಯೇ ಎಂದು ತಿಳಿಯಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಂಜಿಯಾಗದಂತೆ ಕೆಲವೇ ಹನಿ ನೀರು ಬಿಟ್ಟು, ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಚೀಲದಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 70 ತೋರಿಸಿದರೆ ಯಾವಾಗಲೂ ಐದು ಸೇರಿಸಿ ಓದಿ. ಡ್ರಮ್ಮಿನಲ್ಲಿ, ಕಪಾಟಿನಲ್ಲಿ 60 ದಾಟಬಾರದು.

ಬೂಷ್ಟು ಆಗಲೇ ಹತ್ತಿದ್ದರೆ ಡಬ್ಬಿ ಅದನ್ನು ಕೊಲ್ಲುವುದಿಲ್ಲ. ಟೆಂಟನ್ನು ಅಂಗಳಕ್ಕೆ ತನ್ನಿ, ಎನ್95 ಮಾಸ್ಕ್ ಹಾಕಿ. ಮೊದಲು ಪೂರ್ತಿ ಒಣಗಿಸಿ, ಮೆದು ಬ್ರಶ್ಶಿನಿಂದ ಕೊಡವಿ. ಒದ್ದೆಯಲ್ಲಿ ಉಜ್ಜಿದರೆ ಕಲೆ ನೂಲಿನೊಳಗೆ ಇಳಿಯುತ್ತದೆ. ಆಮೇಲೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೂಲೆಯೊಂದರಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಂಡು ಸಿಂಪಡಿಸಿ. ಒಂದು ಗಂಟೆ ಬಿಟ್ಟು ಉಜ್ಜಿ, ತೊಳೆದು, ಒಣಗಿಸಿ. ಬ್ಲೀಚಿಂಗ್ ದ್ರಾವಣ ಬೇಡ: ಹತ್ತಿ, ನೈಲಾನ್ ಎರಡೂ ಬಲ ಕಳೆದುಕೊಳ್ಳುತ್ತವೆ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಮುಗ್ಗಲು ವಾಸನೆ ಹೋದ ಮೇಲೂ ಕರಿ ಚುಕ್ಕೆ ಉಳಿಯಬಹುದು, ಅದು ಬರೀ ಕಲೆ. ಕೊನೆಗೆ ನೀರು ಚಿಮುಕಿಸಿ ನೋಡಿ. ಹನಿ ಮುತ್ತಿನಂತೆ ಜಾರಿದರೆ ಸರಿ, ಬಟ್ಟೆ ಹೀರಿಕೊಂಡರೆ ನೀರುತಡೆ ಲೇಪ ಮತ್ತೆ ಹಚ್ಚಬೇಕು.

ಪಾಲಿಯೆಸ್ಟರ್ ಟೆಂಟಿನ ಒಳಮೈ ಅಂಟಂಟಾಗಿ ಹುಳಿ ವಾಂತಿಯಂಥ ವಾಸನೆ ಬರುತ್ತಿದ್ದರೆ ಅದು ಬೂಷ್ಟಲ್ಲ, ಪಾಲಿಯುರೆಥೇನ್ ಲೇಪ ತೇವಕ್ಕೆ ಕರಗುತ್ತಿದೆ. ಅದಕ್ಕೆ ವಿನೆಗರೂ ಇಲ್ಲ, ಡಬ್ಬಿಯೂ ಇಲ್ಲ.